ಅನ್ನ ಬಿಟ್ಟ ಬೆಕ್ಕು ಮತ್ತು ನಮ್ಮ ಕರ್ತವ್ಯ

ಎತ್ತು ಒಂದು ಹೊತ್ತು ಮೇವು ಬಿಟ್ಟರೆ ನಮ್ಮ ಒಕ್ಕಲಿಗನಿಗೆ ನಿದ್ರೆ ಹತ್ತುವದಿಲ್ಲ. ರಾತ್ರಿ ನಾಲ್ಕು ಸಲ ಎದ್ದು ಕೊಟ್ಟಿಗೆಗೆ ಹೋಗುವನು. ಕಿವಿ ಹಿಡಿದು ನೋಡುವನು. ಮೆಲುಕು ಹಾಕುತ್ತದೆಯೋ ಇಲ್ಲವೋ ಎಂದು ಕತ್ತಲೆಯಲ್ಲಿ ನಿಂತು ಕೇಳುವನು. ಎಮ್ಮೆ ಹಿಂಡಿಯನ್ನು ಮೂಸಿ ಬಿಟ್ಟರೆ ಓಣಿಯ ಹಿರಿಯರು ನಾಲ್ವರು ಕೂಡುವರು. ಬೆಳಗಾಗುವದರೊಳಗೆ ದನದ ಡಾಕ್ಟರರಿಗೆ ಸುದ್ದಿ ಮುಟ್ಟುವದು. ಆದರೆ ಅದೇ ಮನೆಯ ಬೆಕ್ಕು ಮೂರು ದಿನ ಬಟ್ಟಲ ಮುಟ್ಟದೆ ಕಣಜದ ಸಂದಿಯಲ್ಲಿ ಬಿದ್ದಿದ್ದರೆ, “ಎಲ್ಲೋ ಇಲಿ ತಿಂದು ಬಂದಿರಬೇಕು” ಎಂದು ಒಬ್ಬರು ಅನ್ನುವರು. “ಸಾಯೂ ಮುಂದ ಬೆಕ್ಕು ಹಿಂಗ ಅನ್ನ ಬಿಡತೈತಿ, ಅದನ್ನ ಮುಟ್ಟಬ್ಯಾಡ್ರಿ” ಎಂದು ಇನ್ನೊಬ್ಬರು ಅನ್ನುವರು. ನಾಲ್ಕನೆಯ ದಿನ ಅದು ಸತ್ತಿರುವದು. ಆಗ ಎರಡನೆಯವರ ಮಾತೇ ಸರಿಯಾಯಿತೆಂದು ಎಲ್ಲರೂ ತಲೆದೂಗುವರು.

ಈ ಎರಡೂ ಮಾತುಗಳು ತಪ್ಪೆಂದೂ, ಈ ತಪ್ಪಿನಿಂದ ಬದುಕಬಹುದಾದ ಎಷ್ಟೋ ಬೆಕ್ಕುಗಳು ನಮ್ಮ ಕಣ್ಣೆದುರಿಗೇ ಹಸಿದು ಸಾಯುತ್ತವೆಂದೂ ಹೇಳುವದೇ ಈ ಲೇಖನದ ಉದ್ದೇಶ. ಒಕ್ಕಲುತನದ ಪುಟದಲ್ಲಿ ಬೆಕ್ಕಿನ ಮಾತೇಕೆ ಎಂದು ವಾಚಕರು ಕೇಳಬಹುದು. ಜೋಳ ಬೆಳೆಯುವವನಿಗೂ ಬೆಕ್ಕಿಗೂ ಇರುವ ಸಂಬಂಧ ಇಂದಿನದಲ್ಲ. ಸೈಪ್ರಸ್ ದ್ವೀಪದಲ್ಲಿ ಸುಮಾರು ೯,೫೦೦ ವರ್ಷಗಳ ಹಿಂದಿನ ಒಂದು ಗೋರಿ ಸಿಕ್ಕಿತೆಂದೂ, ಅದರಲ್ಲಿ ಮನುಷ್ಯನ ಸಮೀಪದಲ್ಲಿಯೇ ಒಂದು ಬೆಕ್ಕನ್ನು ಹೂಳಿದ್ದರೆಂದೂ ೨೦೦೪ರಲ್ಲಿ ಸಂಶೋಧಕರು ಪ್ರಕಟಿಸಿದರು. ಮನುಷ್ಯ ಕಾಳು ಕೂಡಿಡಲು ಕಲಿತ. ಕಾಳಿನ ಹಿಂದೆ ಇಲಿ ಬಂತು. ಇಲಿಯ ಹಿಂದೆ ಬೆಕ್ಕು ಬಂತು. ನಾವು ಬೆಕ್ಕನ್ನು ತರಲಿಲ್ಲ. ನಮ್ಮ ಕಣಜವೇ ಅದನ್ನು ಕರೆಯಿತು.

ಬೆಕ್ಕು ಯಾರ ಅನ್ನ ಉಣ್ಣುತ್ತದೆ?

ಒಂದು ದೊಡ್ಡ ಇಲಿ ದಿನಕ್ಕೆ ೧೫ರಿಂದ ೨೦ ಗ್ರಾಂ ಕಾಳು ತಿನ್ನುವದು. ವರ್ಷಕ್ಕೆ ಲೆಕ್ಕ ಹಾಕಿದರೆ ಐದಾರು ಕಿಲೋ ಮೀರುವದು. ತಿಂದದ್ದಕ್ಕಿಂತ ಕಡಿದು, ಹೇತು, ಉಚ್ಚೆ ಹೊಯ್ದು ಕೆಡಿಸಿದ್ದು ಹೆಚ್ಚು. ಜತ್ತ, ಅಕ್ಕಲಕೋಟೆಯ ನಮ್ಮ ಸೀಮೆಯಲ್ಲಿ ಮಳೆಯನ್ನು ನಂಬುವಂತಿಲ್ಲ. ಹಿಂಗಾರಿಯ ಬಿಳಿಜೋಳ ಕೈಗೆ ಬಂದ ವರ್ಷ ಅದನ್ನು ಮುಂದಿನ ವರ್ಷಕ್ಕೂ ಕಾಯ್ದಿಡಬೇಕಾಗುವದು. ಆ ಜೋಳವನ್ನು ರಾತ್ರಿಯೆಲ್ಲ ಎಚ್ಚರವಿದ್ದು ಕಾಯುವ ಕೂಲಿಯಾಳು ಬೆಕ್ಕೇ. ಅದಕ್ಕೆ ನಾವು ಕೊಡುವ ಕೂಲಿ ಏನು? ಬೆಳಿಗ್ಗೆ ಒಂದಿಷ್ಟು ಹಾಲು, ಅದರಲ್ಲಿ ಮುರಿದು ಹಾಕಿದ ಅರ್ಧ ರೊಟ್ಟಿ.

“ನಮ್ಮ ಬೆಕ್ಕು ಹಾಲು ರೊಟ್ಟಿಯ ಮೇಲೆ ಬದುಕಿದೆ” ಎಂದು ನಾವು ತಿಳಿದುಕೊಂಡಿದ್ದೇವೆ. ಇದು ನಿಜವಲ್ಲ. ಬೆಕ್ಕು ಮಾಂಸಾಹಾರಿ ಪ್ರಾಣಿ. ನಾಯಿಯಂತೆ ಸಿಕ್ಕಿದ್ದನ್ನು ತಿಂದು ಮೈ ಹಿಡಿದುಕೊಳ್ಳುವ ಶಕ್ತಿ ಅದಕ್ಕಿಲ್ಲ. ಟಾರಿನ್ ಎಂಬ ಒಂದು ಸತ್ವವು ಅದಕ್ಕೆ ಆಹಾರದಿಂದಲೇ ಸಿಗಬೇಕು. ಅದಿಲ್ಲದ ಆಹಾರ ತಿಂದ ಬೆಕ್ಕಿನ ಕಣ್ಣು ಹೋಗುವದೆಂದು ೧೯೭೫ರಲ್ಲಿಯೂ, ಹೃದಯ ಸೋಲುವದೆಂದು ೧೯೮೭ರಲ್ಲಿಯೂ ವಿಜ್ಞಾನಿಗಳು ತೋರಿಸಿಕೊಟ್ಟರು. ಕಾಳುಕಡಿಯಲ್ಲಿ ಈ ಸತ್ವ ಇಲ್ಲ; ಹಾಲಿನಲ್ಲಿ ಬಹಳ ಕಡಿಮೆ; ಇಲಿಯ ಮೈಯಲ್ಲಿ ಬೇಕಾದಷ್ಟು ಇದೆ. ಅಂದ ಮೇಲೆ ನಮ್ಮ ಬೆಕ್ಕು ಇಷ್ಟು ದಿನ ಬದುಕಿದ್ದು ನಮ್ಮ ರೊಟ್ಟಿಯ ಮೇಲಲ್ಲ, ತನ್ನ ದುಡಿಮೆಯ ಮೇಲೆ. ಅದು ಬೇನೆ ಬಿದ್ದ ದಿನ ದುಡಿಮೆ ನಿಲ್ಲುವದು. ದುಡಿಮೆ ನಿಂತ ದಿನವೇ ನಿಜವಾದ ಅನ್ನವೂ ನಿಲ್ಲುವದು. ಆಗ ನಾವು ಅದರ ಮುಂದೆ ಹಾಲಿಟ್ಟು, “ಉಣ್ಣವಲ್ದು” ಎಂದು ಅನ್ನುವದು ಎಷ್ಟು ಸರಿ?

ಉಪವಾಸವೇ ಎರಡನೆಯ ರೋಗ

ಬೆಕ್ಕು ಅನ್ನ ಬಿಡಲು ಕಾರಣಗಳು ಅನೇಕ. ಹಲ್ಲು ಒಸಡಿನ ನೋವು, ಮೂಗು ಕಟ್ಟಿ ವಾಸನೆ ತಿಳಿಯದೆ ಇರುವದು, ನಾಯಿ ಕಚ್ಚಿದ ಗಾಯ ಕೀವಾಗುವದು, ಹೊಟ್ಟೆಯ ಜಂತು, ಮುಪ್ಪಿನಲ್ಲಿ ಮೂತ್ರಪಿಂಡ ಸೋಲುವದು, ವಿಷದ ಇಲಿ ತಿಂದಿರುವದು. ಮರಿಗಳಿಗಾದರೆ ವಾಂತಿಭೇದಿಯ ಒಂದು ಅಂಟುರೋಗವಿದೆ. ಅದು ಬಂದ ಮರಿ ನೀರಿನ ಬಟ್ಟಲ ಮುಂದೆ ತಲೆ ಜೋತು ಕೂಡ್ರುವದು, ಕುಡಿಯುವದಿಲ್ಲ. ಇದಕ್ಕೆ ಮುಂಚಿತವಾಗಿ ಹಾಕಿಸುವ ಲಸಿಕೆ ಇದೆ. ಗಂಡು ಬೆಕ್ಕು ಮೇಲಿಂದ ಮೇಲೆ ಕುಕ್ಕರಗಾಲಲ್ಲಿ ಕುಳಿತು ತಿಣುಕಿ, ಮೂತ್ರ ಬಾರದೆ ಕೂಗಿದರೆ ಅದರ ಮೂತ್ರದ ದಾರಿ ಕಟ್ಟಿದೆಯೆಂದು ತಿಳಿಯಬೇಕು. ಅಂಥದನ್ನು ಅದೇ ದಿನ ದವಾಖಾನೆಗೆ ಒಯ್ಯಬೇಕು. ಒಂದೆರಡು ದಿನ ತಡೆದರೆ ಉಳಿಯುವದಿಲ್ಲ.

ಆದರೆ ನಾನು ಇಲ್ಲಿ ಒತ್ತಿ ಹೇಳಬೇಕೆಂದಿರುವದು ಬೇರೆ ಮಾತು. ಮೊದಲನೆಯ ಬೇನೆ ಯಾವುದೇ ಇರಲಿ, ಉಪವಾಸವು ಬೆಕ್ಕಿಗೆ ಎರಡನೆಯ ಬೇನೆಯನ್ನು ತರುವದು. ನಾವು ಶ್ರಾವಣದಲ್ಲಿ ಉಪವಾಸ ಮಾಡಿದರೆ ಮೈ ಹಗುರಾಗುವದು. ಬೆಕ್ಕಿಗೆ ಹಾಗಾಗುವದಿಲ್ಲ. ಎರಡು ಮೂರು ದಿನ ಹೊಟ್ಟೆಗೆ ಏನೂ ಬೀಳದಿದ್ದರೆ ಅದರ ಮೈಯೊಳಗಿನ ಕೊಬ್ಬು ಕರಗಿ ರಕ್ತದಲ್ಲಿ ಹರಿದು ಯಕೃತ್ತಿಗೆ, ಅಂದರೆ ಲಿವರಿಗೆ ಬಂದು ತುಂಬುವದು. ಅಷ್ಟು ಕೊಬ್ಬನ್ನು ತೀರಿಸುವ ಶಕ್ತಿ ಬೆಕ್ಕಿನ ಯಕೃತ್ತಿಗೆ ಇಲ್ಲ. ಅದು ಉಬ್ಬಿ ಕೆಲಸ ಬಿಡುವದು. ಆಗ ಕಾಮಣಿ ಕಾಣಿಸುವದು; ಜೊಲ್ಲು ಸುರಿಯುವದು; ಓಕರಿಕೆ ಬರುವದು. ಓಕರಿಕೆಯಿಂದ ಅನ್ನದ ವಾಸನೆಯೇ ಬೇಡವಾಗುವದು. ಉಣ್ಣದ್ದರಿಂದ ಯಕೃತ್ತು ಕೆಡುವದು, ಯಕೃತ್ತು ಕೆಟ್ಟದ್ದರಿಂದ ಉಣ್ಣಲಾರದು. ಗಾಣದ ಎತ್ತಿನಂತೆ ಇದು ಸುತ್ತುತ್ತಲೇ ಇರುವದು. ಮೈತುಂಬಿದ ಬೆಕ್ಕುಗಳಿಗೆ ಇದರ ಅಪಾಯ ಹೆಚ್ಚು. “ಮೈಯಾಗ ಕಸುವೈತಿ, ನಾಲ್ಕು ದಿನ ತಡೀತೈತಿ” ಎಂಬ ಮಾತು ಇಲ್ಲಿ ತಲೆಕೆಳಗಾಗುವದು.

ಈ ಸುತ್ತನ್ನು ನಿಲ್ಲಿಸುವ ಮುಖ್ಯ ಔಷಧ ಆಹಾರವೇ. ಅದು ತಾನಾಗಿ ಉಣ್ಣದಿದ್ದರೆ ನಾವು ಉಣಿಸಬೇಕು. ಆದುದರಿಂದ ಬೆಕ್ಕು ಒಂದು ದಿನ ಪೂರ್ತಿ ಅನ್ನ ಬಿಟ್ಟರೆ ಲಕ್ಷ್ಯ ಕೊಡಬೇಕು. ಎರಡನೆಯ ದಿನ ಡಾಕ್ಟರರ ಕಡೆಗೆ ಹೊರಡಬೇಕು. ಮರಿಯಾದರೆ ಒಂದು ದಿನವನ್ನೂ ಕಾಯಬಾರದು.

ನನ್ನ ಕೈಯಿಂದಾದ ತಪ್ಪು

ಈ ಮಾತನ್ನು ನಾನು ಪುಸ್ತಕದಿಂದಷ್ಟೇ ಕಲಿತಿಲ್ಲ. ೨೦೧೬ರ ಸುಗ್ಗಿಯಲ್ಲಿ ನಮ್ಮ ಮನೆಯ ಕರಿ ಬೆಕ್ಕು ಎರಡು ದಿನ ಉಣ್ಣಲಿಲ್ಲ. ಮುಟ್ಟಿ ನೋಡಿದೆ, ಕಿವಿ, ಹೊಟ್ಟೆ ಬಿಸಿ ಇದ್ದವು. ಜ್ವರವೆಂದು ತಿಳಿದೆ. ಮನೆಯಲ್ಲಿ ನಮ್ಮ ಸಲುವಾಗಿ ತಂದಿಟ್ಟ ಜ್ವರದ ಪ್ಯಾರಾಸಿಟಮಾಲ್ ಗುಳಿಗೆ ಇತ್ತು. ಅರ್ಧ ಗುಳಿಗೆ ಅರೆದು ಹಾಲಿನಲ್ಲಿ ಕದಡಿ ಬಾಯಿ ತೆರೆದು ಹೊಯ್ದೆ. ಶಿಕ್ಷಣ ತರಬೇತಿ ಪಡೆದ ಮಾಸ್ತರ ನಾನು. ಓಣಿಯವರಿಗೆ ಗುಳಿಗೆಯ ಚೀಟಿ ಓದಿ ಹೇಳುವವನು ನಾನೇ. ಸಂಜೆಯ ಹೊತ್ತಿಗೆ ಅದರ ಮೋರೆ, ಮುಂಗಾಲು ಬಾತವು. ಒಸಡು ಮಣ್ಣಿನ ಬಣ್ಣಕ್ಕೆ ತಿರುಗಿತು. ಬಾಯಿ ತೆರೆದು ಉಸಿರು ಬಿಡತೊಡಗಿತು. ಬೆಳಗಾಗುವದರೊಳಗೆ ಸತ್ತಿತು.

ಆಮೇಲೆ ತಿಳಿದುಕೊಂಡದ್ದು ಇಷ್ಟು. ಬೆಕ್ಕಿನ ಸಹಜವಾದ ಮೈಕಾವು ೧೦೦.೫ರಿಂದ ೧೦೨.೫ ಡಿಗ್ರಿ ಫ್ಯಾರನ್‌ಹೈಟ್. ನಮಗಿಂತ ಹೆಚ್ಚು. ಆದುದರಿಂದ ನಮ್ಮ ಕೈಗೆ ಅದು ಯಾವಾಗಲೂ ಬಿಸಿಯಾಗಿಯೇ ಹತ್ತುವದು. ಜ್ವರ ಇತ್ತೋ ಇಲ್ಲವೋ ನಾನು ಅಳೆದು ನೋಡಲಿಲ್ಲ. ಇನ್ನು ಪ್ಯಾರಾಸಿಟಮಾಲನ್ನು ಅರಗಿಸಿ ಹೊರಗೆ ಹಾಕುವ ಶಕ್ತಿ ಬೆಕ್ಕಿನ ಯಕೃತ್ತಿಗೆ ಬಹಳ ಕಡಿಮೆ. ಅದು ರಕ್ತವನ್ನು ಕೆಡಿಸಿ ಉಸಿರು ಕಟ್ಟಿಸುವದು. ನಮಗೆ ಔಷಧವಾದದ್ದು ಅದಕ್ಕೆ ವಿಷ. ಕರಿಯನ್ನು ಬೇನೆ ಕೊಂದಿತೋ, ನಾನು ಕೊಂದೆನೋ ಎಂದು ಕೇಳಿದರೆ ಉತ್ತರ ನನಗೆ ಗೊತ್ತಿದೆ. ಇದನ್ನು ಬರೆಯಲು ನಾಚಿಕೆಯಾಗುವದು. ಆದರೆ ಇದನ್ನು ಓದಿ ಒಂದು ಮನೆಯಲ್ಲಾದರೂ ಆ ಗುಳಿಗೆ ಡಬ್ಬಿಯಲ್ಲಿಯೇ ಉಳಿದರೆ ನಾಚಿಕೆ ಸಾರ್ಥಕ.

ಅವ್ವನ ಕೈಗುಣ

೨೦೨೩ರಲ್ಲಿ ಎರಡನೆಯ ಸಲ ಪರೀಕ್ಷೆ ಬಂತು. ಬೀಗರ ಮನೆಯ ಮದುವೆಗೆಂದು ಐದು ದಿನ ಊರು ಬಿಟ್ಟಿದ್ದೆವು. ಹೊಟ್ಟಿನ ಕೋಣೆಗೆ ಕೀಲಿ ಹಾಕುವಾಗ ಗೌರಿ ಒಳಗಿದ್ದುದನ್ನು ಯಾರೂ ನೋಡಲಿಲ್ಲ. ಒಳಗೆ ಒಂದು ಹರವಿಯಲ್ಲಿ ನೀರಿತ್ತು. ಅದರಿಂದ ಜೀವ ಉಳಿದಿತ್ತು. ಬಾಗಿಲು ತೆರೆದಾಗ ಹೊರಗೆ ಬಂದಿತು, ಆದರೆ ಹಾಲು ಮುಟ್ಟಲಿಲ್ಲ. “ಗಾಬರಿಯಾಗಿರಬೇಕು” ಎಂದು ಮತ್ತೆರಡು ದಿನ ಕಾಯ್ದೆವು. ಆ ಎರಡು ದಿನವೂ ನಮ್ಮ ತಪ್ಪೇ. ಏಳನೆಯ ದಿನ ಬಿಸಿಲಲ್ಲಿ ನೋಡಿದರೆ ಕಿವಿಯ ಒಳಬದಿ, ಒಸಡು ಅರಿಷಿಣ ಬಳಿದಂತಿದ್ದವು.

“ಬಿಡೋ ತಮ್ಮಾ, ಅದರ ಋಣ ತೀರೈತಿ” ಅಂದಳು ನಮ್ಮವ್ವ. ನಾನು ಕೇಳದೆ ಬುಟ್ಟಿಯಲ್ಲಿ ಹಾಕಿಕೊಂಡು ದನದ ದವಾಖಾನೆಗೆ ಒಯ್ದೆ. ಸರತಿಯಲ್ಲಿ ಎಮ್ಮೆ, ಆಡು ಹಿಡಿದು ನಿಂತವರು ನಕ್ಕರು. “ಮಾಸ್ತರ, ಇದು ಎಷ್ಟು ಲೀಟರ ಹಿಂಡತೈತ್ರಿ?” ಎಂದು ಒಬ್ಬರು ಕೇಳಿದರು. ಡಾಕ್ಟರರು ನಗಲಿಲ್ಲ. ತೂಗಿದರು: ೩ ಕಿಲೋ ೬೦೦ ಗ್ರಾಂ. ಅದು ಮೊದಲು ನಾಲ್ಕೂವರೆ ಕಿಲೋ ಇದ್ದ ಬೆಕ್ಕು. ಚರ್ಮದ ಕೆಳಗೆ ಸಲಾಯಿನ್ ಕೊಟ್ಟು, ಎರಡು ಸೂಜಿ ಮಾಡಿ, “ನನ್ನ ಔಷಧಿಗಿಂತ ನಿಮ್ಮ ಮನೆಯ ಆಹಾರ ದೊಡ್ಡದು, ಉಣಿಸಿದರೆ ಉಳಿದೀತು” ಎಂದರು. ಏನು ಉಣಿಸಬೇಕೆಂದು ಕೇಳಿದೆ. “ಕೋಳಿಯ ಮಾಂಸ, ತತ್ತಿ” ಎಂದರು.

ನಮ್ಮದು ಮಾಂಸ, ತತ್ತಿ ಮುಟ್ಟದ ಮನೆ. ಅಂಗಳದಲ್ಲಿ ನಿಂತು ಅವ್ವನಿಗೆ ಹೇಳಲು ನಾನು ಹಿಂದೆಮುಂದೆ ನೋಡಿದೆ. ಅವಳು ಸ್ವಲ್ಪ ಹೊತ್ತು ಸುಮ್ಮನೆ ಬೆಕ್ಕನ್ನು ನೋಡಿ ಅಂದಳು: “ನಮ್ಮ ನೇಮ ನಮ್ಮ ಬಾಯಿಗಪಾ, ಅದರ ಬಾಯಿಗಲ್ಲ.” ಹಿತ್ತಲಲ್ಲಿ ಮೂರು ಕಲ್ಲು ಹೂಡಿದೆವು. ಓಣಿಯ ಒಬ್ಬ ಅಕ್ಕ ತಮ್ಮ ಮನೆಯ ಗಡಿಗೆ ತಂದು ಕೋಳಿ ಬೇಯಿಸಿಕೊಟ್ಟಳು. ಉಣಿಸಿದವಳು ಅವ್ವನೇ. ಹದಿನೆಂಟು ದಿನ, ದಿನಕ್ಕೆ ಆರು ಸಲ. ಹತ್ತೊಂಬತ್ತನೆಯ ದಿನ ಮುಂಜಾನೆ ಗೌರಿ ತಾನಾಗಿ ಬಟ್ಟಲ ನೆಕ್ಕಿತು. ಇಂದಿಗೂ ಅದು ಕಣಜದ ಮೇಲೆ ಮಲಗುವದು.

ಉಣಿಸುವ ಕ್ರಮ

ಆ ಹದಿನೆಂಟು ದಿನಗಳಲ್ಲಿ ಕಲಿತದ್ದನ್ನು, ಡಾಕ್ಟರರು ತಿದ್ದಿಕೊಟ್ಟಂತೆ, ಇಲ್ಲಿ ಬರೆಯುತ್ತೇನೆ. ಇದು ಡಾಕ್ಟರರ ಬದಲಿಗೆ ಅಲ್ಲ, ಡಾಕ್ಟರರ ಜೊತೆಗೆ.

ಮೊದಲು ಅದು ತಾನಾಗಿ ಉಣ್ಣುವಂತೆ ಯತ್ನಿಸಬೇಕು. ಬೆಕ್ಕು ನಾಲಿಗೆಯಿಂದಲ್ಲ, ಮೂಗಿನಿಂದ ಉಣ್ಣುವದು. ಮೂಗು ಕಟ್ಟಿದ್ದರೆ ಬೆಚ್ಚಗಿನ ನೀರಲ್ಲಿ ಅದ್ದಿದ ಹತ್ತಿಯಿಂದ ಒರೆಸಬೇಕು. ಆಹಾರವನ್ನು ನಮ್ಮ ಮೈಯಷ್ಟು ಬೆಚ್ಚಗೆ ಮಾಡಿ ಇಡಬೇಕು. ಬೆಚ್ಚಗಾದರೆ ವಾಸನೆ ಏಳುವದು. ಗದ್ದಲವಿಲ್ಲದ ಮೂಲೆಯಲ್ಲಿ, ಅಗಲವಾದ ತಟ್ಟೆಯಲ್ಲಿ ಸ್ವಲ್ಪ ಸ್ವಲ್ಪ ಇಡಬೇಕು. ಅರ್ಧ ತಾಸಿನಲ್ಲಿ ಮುಟ್ಟದಿದ್ದರೆ ತೆಗೆದುಬಿಡಬೇಕು. ಇಡೀ ದಿನ ಮೂಗಿನ ಮುಂದೆ ಇಟ್ಟರೆ ಅದಕ್ಕೆ ಇನ್ನಷ್ಟು ಅಸಹ್ಯವಾಗುವದು. ಬೆನ್ನು ಸವರುತ್ತ ಹತ್ತಿರ ಕುಳಿತರೆ ಎಷ್ಟೋ ಬೆಕ್ಕುಗಳು ಒಂದೆರಡು ತುತ್ತು ಉಣ್ಣುವವು.

ಉಣ್ಣದಿದ್ದರೆ ಸಿರಿಂಜಿನಿಂದ ಉಣಿಸಬೇಕು. ಬೇಯಿಸಿದ ಎಲುಬಿಲ್ಲದ ಕೋಳಿಮಾಂಸವನ್ನೂ ತತ್ತಿಯನ್ನೂ ಬೇಯಿಸಿದ ನೀರಿನೊಡನೆ ಮಿಕ್ಸಿಯಲ್ಲಿ ನುಣ್ಣಗೆ ರುಬ್ಬಿ ಸೋಸಬೇಕು. ಉಪ್ಪು ಖಾರ ಬೇಡ. ಉಳ್ಳಾಗಡ್ಡಿ, ಬಳ್ಳೊಳ್ಳಿಯನ್ನಂತೂ ಹಾಕಲೇಬಾರದು. ಅವು ಬೆಕ್ಕಿನ ರಕ್ತವನ್ನು ಕೆಡಿಸುವವು. ಸೂಜಿ ತೆಗೆದ ೫ ಮಿಲಿಯ ಸಿರಿಂಜು ಸಾಕು. ಬೆಕ್ಕನ್ನು ಹಳೆಯ ಬಟ್ಟೆಯಲ್ಲಿ ಸುತ್ತಿ, ಮುಂದಕ್ಕೆ ಮೋರೆ ಮಾಡಿ, ಅದು ನೆಲದ ಮೇಲೆ ಕುಳಿತ ಹಾಗೆಯೇ ತೊಡೆಯ ಮೇಲೆ ಕೂಡ್ರಿಸಬೇಕು. ತಲೆಯನ್ನು ಹಿಂದಕ್ಕೆ ಎತ್ತಬಾರದು. ಬಾಯಿಯ ಪಕ್ಕದಿಂದ, ಕೋರೆಹಲ್ಲಿನ ಹಿಂದಿನ ಸಂದಿಯಲ್ಲಿ ತುದಿ ಇಟ್ಟು ಒಂದು ಮಿಲಿಯಷ್ಟೇ ಬಿಡಬೇಕು. ಅದು ನುಂಗಿದ ಮೇಲೆಯೇ ಮತ್ತೊಂದು. ನಾನು ಕರಿಗೆ ಮಾಡಿದಂತೆ ಬಾಯಿ ತೆರೆದು ಹೊಯ್ದರೆ ಅದು ಶ್ವಾಸಕೋಶಕ್ಕೆ ಇಳಿದು ಹೊಸ ಬೇನೆಯಾಗುವದು.

ಪ್ರಮಾಣದ ಮಾತು. ನಾಲ್ಕು ಕಿಲೋ ಬೆಕ್ಕಿಗೆ ದಿನಕ್ಕೆ ಸುಮಾರು ೨೦೦ ಕ್ಯಾಲರಿ ಬೇಕು. ಒಂದು ತತ್ತಿ ಮತ್ತು ೮೦ ಗ್ರಾಂ ಬೇಯಿಸಿದ ಕೋಳಿಮಾಂಸದಲ್ಲಿ ಹತ್ತಿರ ಹತ್ತಿರ ಅಷ್ಟಿದೆ. ಆದರೆ ಬಹು ದಿನ ಉಪವಾಸವಿದ್ದ ಹೊಟ್ಟೆಗೆ ಮೊದಲ ದಿನವೇ ಪೂರ್ತಿ ಕೊಡಬಾರದು. ಹಸಿದ ಮೈಗೆ ಒಮ್ಮೆಲೆ ಅನ್ನ ತುಂಬಿದರೆ ರಕ್ತದೊಳಗಿನ ಲವಣಗಳು ಏರುಪೇರಾಗಿ ಜೀವಕ್ಕೆ ಎರವಾಗುವದು. ಮೊದಲ ದಿನ ಕಾಲು ಭಾಗ, ಎರಡನೆಯ ದಿನ ಅರ್ಧ, ಹೀಗೆ ನಾಲ್ಕು ದಿನದಲ್ಲಿ ಪೂರ್ತಿಗೆ ಏರಿಸಬೇಕು. ಒಂದು ಹೊತ್ತಿಗೆ ೨೦ ಮಿಲಿಯಿಂದ ಸುರುಮಾಡಬೇಕು. ನೀರು ಎಲ್ಲ ಸೇರಿ ದಿನಕ್ಕೆ ಸುಮಾರು ೨೦೦ ಮಿಲಿ ಬೇಕು. ಆಹಾರದಲ್ಲಿಯ ನೀರೂ ಇದರಲ್ಲಿ ಬಂತು. ಹೆಗಲ ಮೇಲಿನ ಚರ್ಮವನ್ನು ಚಿಮಟಿ ಎತ್ತಿ ಬಿಟ್ಟರೆ ಅದು ಥಟ್ಟನೆ ಕೂಡದೆ ನಿಧಾನವಾಗಿ ಇಳಿದರೆ ನೀರು ಸಾಲದೆಂದು ತಿಳಿಯಬೇಕು. ಅದಕ್ಕೆ ಡಾಕ್ಟರರ ಸಲಾಯಿನ್ನೇ ಬೇಕು.

ಸಿರಿಂಜಿಗೂ ಬಗ್ಗದ ಬೆಕ್ಕಿಗೆ ಮೂಗಿನಿಂದಲೋ ಕುತ್ತಿಗೆಯಿಂದಲೋ ನಳಿಗೆ ಹಾಕಿ ಉಣಿಸುವ ಪದ್ಧತಿಯೂ ಇದೆ. ಅದಕ್ಕೆ ದೊಡ್ಡ ಊರಿನ ದವಾಖಾನೆಗೆ, ಇಲ್ಲವೆ ಸಾತಾರಾ ಜಿಲ್ಲೆಯ ಶಿರವಳದಲ್ಲಿರುವಂಥ ಪಶುವೈದ್ಯಕೀಯ ಕಾಲೇಜಿಗೆ ಒಯ್ಯಬೇಕಾದೀತು. ಎಲ್ಲರಿಗೂ ಇದು ಸಾಧ್ಯವಿಲ್ಲವೆಂಬುದು ನನಗೆ ಗೊತ್ತು. ಆದರೆ ಎರಡನೆಯ ದಿನವೇ ಎದ್ದವನಿಗೆ ಬಹುಶಃ ಅಷ್ಟು ದೂರ ಹೋಗುವ ಪ್ರಸಂಗ ಬರಲಾರದು.

ಮಾಡಬಾರದ ಕೆಲಸಗಳು

ಮನುಷ್ಯರ ನೋವಿನ, ಜ್ವರದ ಯಾವ ಗುಳಿಗೆಯನ್ನೂ ಕೊಡಬಾರದು. ದನದ ಉಣ್ಣೆಗೆ ಹೊಡೆಯುವ ಔಷಧವನ್ನು ಬೆಕ್ಕಿನ ಮೈಗೆ ಹಚ್ಚಬಾರದು. ಫಿನಾಯಿಲಿನಿಂದ ಗಾಯ ತೊಳೆಯಬಾರದು. ಬೆಕ್ಕು ತನ್ನ ಮೈಯನ್ನು ತಾನೇ ನೆಕ್ಕುವದರಿಂದ ಮೈಗೆ ಹಚ್ಚಿದ್ದೆಲ್ಲ ಹೊಟ್ಟೆಗೆ ಹೋಗುವದು. ಬರೀ ಹಾಲಿನ ಮೇಲೆ ಬೇನೆಯ ಬೆಕ್ಕನ್ನು ಇಡಬಾರದು. ಬೆಳೆದ ಎಷ್ಟೋ ಬೆಕ್ಕುಗಳಿಗೆ ಹಾಲು ಅರಗದೆ ಭೇದಿಯಾಗುವದು.

ಇಲಿಪಾಷಾಣದ ಮಾತನ್ನು ಬೇರೆಯಾಗಿಯೇ ಹೇಳಬೇಕು. ಕಣಜ ಕಾಯಲು ಬೆಕ್ಕನ್ನೂ ಇಟ್ಟು ವಿಷವನ್ನೂ ಇಡುವದು ಕಾವಲುಗಾರನ ದಾರಿಯಲ್ಲಿಯೇ ಗುಂಡಿ ತೋಡಿದಂತೆ. ಬ್ರೊಮಾಡಿಯೊಲೋನ್ ತಿಂದ ಇಲಿಯನ್ನು ಬೆಕ್ಕು ತಿಂದರೆ ಅದರ ರಕ್ತ ಹೆಪ್ಪುಗಟ್ಟುವ ಶಕ್ತಿ ಹೋಗುವದು. ಮೂರು ನಾಲ್ಕು ದಿನಗಳ ಮೇಲೆ ಒಸಡು ಬಿಳಿಚುವದು, ಏದುಸಿರು ಬರುವದು. ಇದಕ್ಕೆ ವಿಟಮಿನ್ ಕೆ-೧ ಎಂಬ ಮದ್ದು ಇದೆ. ಹೊತ್ತಿಗೆ ಮುಟ್ಟಿದರೆ ಬದುಕಿಸಬಹುದು. ಕಪ್ಪು ಪುಡಿಯ ಜಿಂಕ್ ಫಾಸ್ಫೈಡಿಗೆ ಅಂಥ ಮದ್ದು ಇಲ್ಲ. ಅದು ಹೊಟ್ಟೆಯಲ್ಲಿ ವಿಷದ ಗಾಳಿಯಾಗುವದು. ಅಂಥ ಬೆಕ್ಕಿನ ವಾಂತಿಯ ಮೇಲೆ ಬಗ್ಗಿ ಮೂಸಬಾರದು. ಬಾಗಿಲು ಕಿಟಕಿ ತೆರೆದಿಡಬೇಕು. ಯಾವ ವಿಷವನ್ನೇ ಇಟ್ಟಿರಲಿ, ಅದರ ಪೊಟ್ಟಣವನ್ನು ಬಿಸಾಡದೆ ಇಟ್ಟುಕೊಂಡು ಡಾಕ್ಟರರಿಗೆ ತೋರಿಸಬೇಕು.

ಹುಚ್ಚಿನ ಎಚ್ಚರ

ದಯೆಯ ಜೊತೆಗೆ ಎಚ್ಚರವೂ ಬೇಕು. ಹುಚ್ಚು ನಾಯಿಯ ರೋಗ ಬೆಕ್ಕಿಗೂ ಬರುವದು. ಅದರಲ್ಲಿಯೂ ಪ್ರಾಣಿ ಉಣ್ಣುವದಿಲ್ಲ, ಜೊಲ್ಲು ಸುರಿಸುವದು. ಲಸಿಕೆ ಹಾಕಿಸದ ಬೆಕ್ಕು ಜೊಲ್ಲು ಸುರಿಸುತ್ತ ಸ್ವಭಾವ ಬದಲಿಸಿದ್ದರೆ, ದನಿ ಬದಲಾಗಿದ್ದರೆ, ಕಾರಣವಿಲ್ಲದೆ ಮೈಮೇಲೆ ಬಂದರೆ, ನಡೆಯುವಾಗ ತೂರಾಡಿದರೆ ಅದರ ಬಾಯಿಗೆ ಕೈ ಹಚ್ಚಬಾರದು, ಸಿರಿಂಜೂ ಬೇಡ. ಕೋಣೆಯಲ್ಲಿ ಕೂಡಿ ಹಾಕಿ ಡಾಕ್ಟರರಿಗೆ ತಿಳಿಸಬೇಕು. ಕಚ್ಚಿದರೆ, ಪರಚಿದರೆ ಸಾಬೂನು ಹಚ್ಚಿ ಹರಿಯುವ ನೀರಿನಲ್ಲಿ ೧೫ ನಿಮಿಷ ತೊಳೆದು ಅದೇ ದಿನ ಮನುಷ್ಯರ ದವಾಖಾನೆಗೆ ಹೋಗಿ ಲಸಿಕೆ ಸುರುಮಾಡಬೇಕು. ಅರಿಷಿಣ ಮೆತ್ತಿ ಸುಮ್ಮನಿರುವದು ಆತ್ಮಘಾತವೇ ಸರಿ. ಮನೆಯ ಬೆಕ್ಕಿಗೆ ಮೂರು ತಿಂಗಳ ವಯಸ್ಸಿನಿಂದ ಈ ಲಸಿಕೆ ಹಾಕಿಸಬಹುದು. ಹಾಕಿಸಿದ ಮನೆಯಲ್ಲಿ ಬೇನೆಯ ಬೆಕ್ಕನ್ನು ಅಂಜದೆ ತೊಡೆಯ ಮೇಲೆ ತೆಗೆದುಕೊಳ್ಳಬಹುದು.

ಡಾಕ್ಟರರ ಮುಂದೆ ನಾಲ್ಕು ಸಾಲು

ಗಡಿಯಾಚೆಯ ಕನ್ನಡಿಗರಾದ ನಮಗೆ ಇನ್ನೊಂದು ತೊಡಕು ಇದೆ. ಬೆಕ್ಕಿನ ಸಮಾಚಾರ ಗೊತ್ತಿರುವದು ಮನೆಯ ಅವ್ವನಿಗೆ, ಅಜ್ಜಿಗೆ. ಅವರಿಗೆ ಕನ್ನಡವೊಂದೇ ಬರುವದು. ದವಾಖಾನೆಗೆ ಹೋಗುವವನು ಮರಾಠಿ ಬಲ್ಲ ಮೊಮ್ಮಗ. ಅವನಿಗೆ ಬೆಕ್ಕು ಎಂದಿನಿಂದ ಉಣ್ಣುವದಿಲ್ಲ ಎಂಬುದೇ ಗೊತ್ತಿರುವದಿಲ್ಲ. ಡಾಕ್ಟರರು ಕೇಳಿದ್ದಕ್ಕೆಲ್ಲ “ಮಾಹೀತ ನಾಹೀ” ಎಂದು ಹೇಳಿ ಬರುವನು. ವಿಷದ ಪೊಟ್ಟಣದ ಮೇಲಿನ ಸಣ್ಣಕ್ಷರವನ್ನಂತೂ ಮನೆಯಲ್ಲಿ ಓದುವವರೇ ಇರುವದಿಲ್ಲ.

ಇದಕ್ಕೆ ನಮ್ಮ ಶಾಲೆಯ ಮಕ್ಕಳಿಗೆ ನಾನು ಒಂದು ಪಾಠ ಹೇಳಿಕೊಡುತ್ತೇನೆ. ಮನೆಯಲ್ಲಿ ಪ್ರಾಣಿ ಬೇನೆ ಬಿದ್ದರೆ ಹಿರಿಯರನ್ನು ಕೇಳಿ ನಾಲ್ಕು ಸಾಲು ಬರೆದುಕೊಳ್ಳಬೇಕು. ಒಂದು, ಕೊನೆಯ ಸಲ ಉಂಡದ್ದು ಯಾವ ದಿನ, ಏನು. ಎರಡು, ನೀರು, ಮೂತ್ರ, ಸಗಣಿ ಹೇಗಿವೆ. ಮೂರು, ವಾಂತಿ, ಜೊಲ್ಲು, ಗಾಯ, ಕಾಮಣಿ ಇವುಗಳಲ್ಲಿ ಏನು ಕಂಡಿದೆ. ನಾಲ್ಕು, ಓಣಿಯಲ್ಲಿ ಯಾರಾದರೂ ವಿಷ ಇಟ್ಟಿದ್ದಾರೆಯೇ, ಮನೆಯಲ್ಲಿ ಏನಾದರೂ ಔಷಧ ಕೊಟ್ಟಿದ್ದಾರೆಯೇ. ಕನ್ನಡದಲ್ಲಿ ಬರೆದು, ಅದರ ಕೆಳಗೆ ಮರಾಠಿಯಲ್ಲಿ ಬರೆಯಬೇಕು. ಎರಡು ಭಾಷೆ ಕಲಿಯುವ ನಮ್ಮ ಮಕ್ಕಳಿಗೆ ಇದಕ್ಕಿಂತ ಉಪಯುಕ್ತವಾದ ಭಾಷಾಂತರ ಪಾಠ ನನಗೆ ಬೇರೆ ಕಂಡಿಲ್ಲ. ಎಮ್ಮೆಗೂ ಇದು ನಡೆಯುವದು, ಆಡಿಗೂ ನಡೆಯುವದು.

ಕೈ ಬಿಡುವ ಹೊತ್ತು

ಎಲ್ಲ ಬೆಕ್ಕೂ ಉಳಿಯುವದಿಲ್ಲ. ಮುಪ್ಪಿನಲ್ಲಿ ಮೂತ್ರಪಿಂಡ ಸೋತದ್ದು, ಹೊಟ್ಟೆಯಲ್ಲಿ ಗಡ್ಡೆ ಬೆಳೆದದ್ದು ಎಷ್ಟು ಉಣಿಸಿದರೂ ಹೊರಳಿ ಬರಲಾರದು. ಇನ್ನು ಗುಣವಿಲ್ಲವೆಂದು ಡಾಕ್ಟರರು ನೋಡಿ ಹೇಳಿದ ಮೇಲೆ ಬಾಯಲ್ಲಿ ತುರುಕುವದು ಸೇವೆಯಲ್ಲ, ಹಿಂಸೆ. ಆಗ ಮೆತ್ತಗಿನ ಹಾಸಿಗೆ, ತುಟಿಗೆ ಹಚ್ಚುವಷ್ಟು ನೀರು, ಪರಿಚಯದ ಕೈ ಇಷ್ಟು ಸಾಕು. ನರಳಾಟ ತಡೆಯಲಾರದಷ್ಟಾದರೆ ನೋವಿಲ್ಲದೆ ಮುಗಿಸುವ ಸೂಜಿಯೂ ಡಾಕ್ಟರರಲ್ಲಿ ಇದೆ. ಅದನ್ನು ಕೇಳುವದರಲ್ಲಿ ಪಾಪವಿಲ್ಲವೆಂದು ನನ್ನ ಮತ. ಆದರೆ ಕೈ ಬಿಡುವ ತೀರ್ಪು ಪರೀಕ್ಷೆಯಾದ ಮೇಲೆ ಬರಬೇಕು, ಪರೀಕ್ಷೆಗೆ ಮುಂಚೆ ಅಲ್ಲ. ಬೆಕ್ಕು ಮೂಲೆ ಸೇರುವದು ಸಾಯಬೇಕೆಂದಲ್ಲ. ಮೈಯಲ್ಲಿ ಬಲವಿಲ್ಲದಾಗ ನಾಯಿಗೂ ಬೇರೆ ಬೆಕ್ಕಿಗೂ ಅಂಜಿ ಅಡಗುವದು. ಅದರ ಅಂಜಿಕೆಯನ್ನು ನಾವು ವೈರಾಗ್ಯವೆಂದು ಓದಿಕೊಂಡಿದ್ದೇವೆ.

ನಮ್ಮಲ್ಲಿ ಒಂದು ನಂಬಿಕೆ ಇದೆ. ಬೆಕ್ಕನ್ನು ಕೊಂದವನು ಬಂಗಾರದ ಬೆಕ್ಕು ಮಾಡಿಸಿ ದಾನ ಕೊಟ್ಟರೂ ಪಾಪ ತೀರುವದು ಕಷ್ಟ. ಗಾಡಿಯ ಗಾಲಿಗೆ ಬೆಕ್ಕು ಸಿಕ್ಕರೆ ನಮ್ಮ ಜನ ಬೆವರುವರು. ಅಂಥವರೇ ಮನೆಯ ಬೆಕ್ಕು ನಾಲ್ಕು ದಿನ ಹಸಿದು ಸತ್ತರೆ ಬುಟ್ಟಿಯಲ್ಲಿ ಹಾಕಿ ತಿಪ್ಪೆಗೆ ಒಯ್ದು, ಕೈ ತೊಳೆದುಕೊಂಡು ಊಟಕ್ಕೆ ಕೂಡ್ರುವರು. ಹೊಡೆದು ಕೊಂದರೆ ಪಾಪ, ನೋಡುತ್ತ ಕುಳಿತು ಕೊಂದರೆ ವಿಧಿಯೇ? ಬಂಗಾರದ ಬೆಕ್ಕು ಮಾಡಿಸುವ ಶಕ್ತಿ ನಮ್ಮಲ್ಲಿ ಯಾರಿಗಿದೆ? ಎರಡು ತತ್ತಿ, ಒಂದು ಸಿರಿಂಜು, ದವಾಖಾನೆಗೆ ಒಂದು ಸಲ ಹೋಗಿಬರುವ ಖರ್ಚು ಎಲ್ಲರಿಗೂ ಎಟಕುವಂಥದು.

ಆದುದರಿಂದ ಒಕ್ಕಲಿಗ ಬಂಧುಗಳಲ್ಲಿಯೂ, ವಿಶೇಷವಾಗಿ ತಾಯಂದಿರಲ್ಲಿಯೂ ನನ್ನ ವಿನಂತಿ ಇಷ್ಟೇ. ಇಂದು ಸಂಜೆ ಬೆಕ್ಕಿನ ಬಟ್ಟಲು ನೋಡಿರಿ. ಹಾಕಿದ್ದು ಹಾಗೆಯೇ ಉಳಿದಿದ್ದರೆ ನಾಳೆ ಮುಂಜಾನೆ ಮತ್ತೊಮ್ಮೆ ನೋಡಿರಿ. ಆಗಲೂ ಉಳಿದಿದ್ದರೆ ಕಣಜದ ಸಂದಿಯಲ್ಲಿ ಕೈ ಹಾಕಿ ಅದನ್ನು ಹೊರಗೆ ತೆಗೆಯಿರಿ, ಬಿಸಿಲಲ್ಲಿ ಒಸಡು ನೋಡಿರಿ, ಬುಟ್ಟಿಯಲ್ಲಿ ಹಾಕಿಕೊಂಡು ಹೊರಡಿರಿ. ಸರತಿಯಲ್ಲಿ ನಿಂತವರು ನಕ್ಕರೆ ನಗಲಿ. ಅವರ ಮನೆಯ ಕಣಜವನ್ನೂ ಒಂದು ಬೆಕ್ಕೇ ಕಾಯುತ್ತಿರುವದು.